ಭಾವನ ಪಿಜ್ಜಾ-ಗಂಟೆ

ನಮ್ಮ ಭಾವನವರಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಒಂದು ಪ್ರಶ್ನೆ ಕೇಳಿ ಸುಮ್ಮನಾಗುವುದು ಗೊತ್ತಿಲ್ಲ. ಇದು ಹುಟ್ಟುಗುಣವಲ್ಲ, ನೌಕರಿಯಿಂದ ಅಂಟಿದ ಕಾಯಿಲೆ. ಜೀವವಿಮಾ ಕಚೇರಿಯ ಕೌಂಟರಿನಲ್ಲಿ ಕೂತು, ವಿಮೆ ಬೇಕೆಂದು ಬಂದವರ ವಯಸ್ಸೇನು, ತೂಕವೆಷ್ಟು, ತಂದೆ ಯಾವುದರಿಂದ ಸತ್ತರು, ಸಿಗರೇಟು ಸೇದುತ್ತಾರೋ ಇಲ್ಲವೋ ಎಂದು ಅರ್ಜಿಯ ಪ್ರಕಾರ ಕೇಳಿ ಕೇಳಿ ಅವರ ನಾಲಿಗೆ ಹಳಿಯ ಮೇಲೆ ಕೂತುಬಿಟ್ಟಿದೆ. ಒಮ್ಮೆ ಹೊರಟಿತೆಂದರೆ ಎಲ್ಲ ನಿಲ್ದಾಣಗಳಲ್ಲೂ ನಿಂತು ಕೊನೆಯ ನಿಲ್ದಾಣಕ್ಕೆ ಹೋಗಿಯೇ ತೀರಬೇಕು.

ಬಸ್ ನಿಲ್ದಾಣ ಎಲ್ಲಿ ಎಂದು ದಾರಿ ಕೇಳಿದ ಪಾಪದ ಮನುಷ್ಯನಿಗೆ, ಹಿಂದೆ ಏನಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಕೇಳಿದವರು ಇವರು. ಸಹೋದ್ಯೋಗಿಯೊಬ್ಬರ ಮದುವೆಗೆ ಹೋಗಿ, ಮದುಮಗನ ಕೈ ಕುಲುಕಿ, ಶುಭವಾಗಲಿ ಎಂದು ಹಾರೈಸಿ, ಅಲ್ಲಿಗೆ ನಿಲ್ಲಿಸಲಾರದೆ, ಕೆಮ್ಮಿದಾಗ ರಕ್ತ ಬೀಳುತ್ತದೆಯೇ ಎಂದು ವಿಚಾರಿಸಿದರು. ಪಕ್ಕದಲ್ಲೇ ಮದುಮಗಳು ನಿಂತಿದ್ದಳು. ಅಂದಿನಿಂದ ಅಕ್ಕ ಅವರ ಜೊತೆ ಯಾವ ಮದುವೆಗೂ ಹೋಗಿಲ್ಲ.

ನಾನು ಅವರ ಮನೆಯಿರುವ ಬೀದಿಯಲ್ಲೇ ಕನ್ನಡಕದಂಗಡಿ ಇಟ್ಟುಕೊಂಡವನು. ಎರಡು ಹೊತ್ತಿನ ಊಟ ಅಕ್ಕನ ಮನೆಯಲ್ಲಿ. ನನಗೆ ಮದುವೆಯಾಗಿಲ್ಲ, ಆದ್ದರಿಂದಲೋ ಏನೋ ಮದುವೆಯ ವಿಷಯ ಬಂದಾಗಲೆಲ್ಲ ಎಲ್ಲರೂ ನನ್ನ ಸಲಹೆಯನ್ನೇ ಕೇಳುತ್ತಾರೆ. ಈ ಕಥೆಯಲ್ಲಿ ನಾನು ಸಿಕ್ಕಿಹಾಕಿಕೊಂಡದ್ದೂ ಹಾಗೆಯೇ.

ಎಲ್ಲ ಶುರುವಾದದ್ದು ಭಾವನವರ ಕಚೇರಿಯ ಊಟದ ಕೋಣೆಯಲ್ಲಿ. ಅವರ ಮ್ಯಾನೇಜರು ಕಂಪನಿಯ ಖರ್ಚಿನಲ್ಲಿ ನಾರ್ವೆ ದೇಶಕ್ಕೆ ಹೋಗಿ ಬಂದಿದ್ದರು. ಹೋಗಿ ಬಂದವರಿಗೆ ಹೇಳಿಕೊಳ್ಳದಿದ್ದರೆ ಊಟ ಜೀರ್ಣವಾಗುವುದಿಲ್ಲವಲ್ಲ. ಅಲ್ಲಿಯ ಸಮುದ್ರ, ಅಲ್ಲಿಯ ಚಳಿ ಎಲ್ಲ ಮುಗಿದು ಅಲ್ಲಿಯ ಪಿಜ್ಜಾಕ್ಕೆ ಬಂದರು. ಹೋಟೆಲಿನ ಕೋಣೆಗೆ ಒಂದು ಪಿಜ್ಜಾ ತರಿಸಿಕೊಂಡೆ, ಬಿಲ್ಲು ನೋಡಿ ಹಸಿವೇ ಹೋಯಿತು ಎಂದರು. ಎಲ್ಲರೂ ಲೊಚಗುಟ್ಟಿದರು. ಭಾವನವರು ಮಾತ್ರ ತುತ್ತು ನುಂಗಿ ಗಂಟಲು ಸರಿ ಮಾಡಿಕೊಂಡರು.

ಅದಕ್ಕೊಂದು ಹಿನ್ನೆಲೆ ಇದೆ. ಹಿಂದಿನ ದಿನ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಅವರು ಒಂದು ವಾರಪತ್ರಿಕೆಯಲ್ಲಿ, ಯಾವ್ಯಾವ ದೇಶದಲ್ಲಿ ಪಿಜ್ಜಾಕ್ಕೆ ಎಷ್ಟು ಬೆಲೆ, ಅದನ್ನು ಮನೆಗೆ ತರುವವನಿಗೆ ಎಷ್ಟು ಸಂಬಳ ಎಂಬ ಲೇಖನ ಓದುತ್ತಿದ್ದರು. ಅರ್ಧ ಓದುವಷ್ಟರಲ್ಲಿ ಕ್ಷೌರಿಕ ಅವರ ತಲೆ ಬಗ್ಗಿಸಿದ. ಹೀಗಾಗಿ ಅರ್ಧ ಜಗತ್ತು ಅವರಿಗೆ ತಿಳಿಯಿತು, ಉಳಿದರ್ಧ ಕೂದಲಿನ ಜೊತೆ ನೆಲಕ್ಕೆ ಬಿತ್ತು.

"ಬೆಲೆ ನೋಡಬಾರದು ಸಾರ್," ಎಂದರು ಭಾವ. "ಅದನ್ನ ತಂದುಕೊಡೋನು ಎಷ್ಟು ಹೊತ್ತು ದುಡಿದರೆ ಅದೇ ಪಿಜ್ಜಾ ತಾನೂ ಕೊಂಡು ತಿನ್ನಬಹುದು, ಅದನ್ನ ನೋಡಬೇಕು. ಅದಕ್ಕೆ ಪಿಜ್ಜಾ-ಗಂಟೆ ಅಂತಾರೆ."

ಹಾಗೆ ಯಾರೂ ಅನ್ನುವುದಿಲ್ಲ. ಆ ಪದ ಹುಟ್ಟಿದ್ದು ಆ ಕ್ಷಣದಲ್ಲಿ, ಊಟದ ಡಬ್ಬಿಯ ಮುಂದೆ. ಆದರೆ ಎಲ್ಲರೂ ಅವರ ಕಡೆ ತಿರುಗಿದರು. ಟೈಪು ಮಾಡುವಾಕೆ ಚಮಚ ಕೆಳಗಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಭಾವನವರ ಮಾತಿಗೆ ಕಿವಿಗೊಡುವ ಜನ ಸಿಕ್ಕರು. ನಾರ್ವೆಯಲ್ಲಿ ಬೆಲೆ ಹೆಚ್ಚು ನಿಜ, ಸಂಬಳವೂ ಹೆಚ್ಚು, ಒಂದೆರಡು ಗಂಟೆ ದುಡಿದರೆ ಪಿಜ್ಜಾ ಕೈಗೆ ಬರುತ್ತದೆ; ಅಮೆರಿಕದಲ್ಲಿ ಸಂಬಳಕ್ಕಿಂತ ಗಿರಾಕಿ ಕೊಡುವ ಟಿಪ್ಸ್ ಮೇಲೇ ಕಣ್ಣು; ಜಪಾನಿನಲ್ಲಿ ಟಿಪ್ಸ್ ಕೊಡಹೋದರೆ ಅವನೇ ಗಾಬರಿಯಾಗಿ ವಾಪಸು ಕೊಡುತ್ತಾನೆ ಎಂದು ಹೇಳುತ್ತಾ ಹೋದರು. ಮ್ಯಾನೇಜರು ತಲೆದೂಗಿ, ಹಾಗಾದರೆ ನಮ್ಮಲ್ಲಿ ಎಷ್ಟು ಪಿಜ್ಜಾ-ಗಂಟೆ ಎಂದು ಕೇಳಿಬಿಟ್ಟರು. ಆ ಪುಟ ಬರುವ ಮುಂಚೆಯೇ ತಲೆ ಬಗ್ಗಿತ್ತಲ್ಲ.

"ಅಧ್ಯಯನ ನಡೀತಾ ಇದೆ ಸಾರ್," ಎಂದರು ಭಾವ.

ಮ್ಯಾನೇಜರು ಬಹಳ ಮೆಚ್ಚಿದರು. ಈ ಸಲ ನೌಕರರ ವಾರ್ಷಿಕ ಸಭೆಯಲ್ಲಿ ನೀವೇ ಈ ವಿಷಯ ಮಾತಾಡಿ, ಮೇಲಿನವರೂ ಬರುತ್ತಾರೆ, ಅದಕ್ಕೂ ಮುಂಚೆ ಒಂದು ಭಾನುವಾರ ನಿಮ್ಮ ಮನೆಗೇ ಬಂದು ಕೇಳುತ್ತೇನೆ ಎಂದರು. ಹೋಗುತ್ತಾ, ನಿಮಗೊಬ್ಬಳು ಮಗಳಿದ್ದಾಳಲ್ಲವೇ, ನನಗೂ ಒಬ್ಬ ಮಗನಿದ್ದಾನೆ ಎಂದೂ ಸೇರಿಸಿದರು. ಭಾವನವರಿಗೆ ಅದಕ್ಕಿಂತ ಹೆಚ್ಚು ಏನು ಬೇಕು. ಬಡ್ತಿಯನ್ನೂ ಬೀಗತನವನ್ನೂ ಒಂದೇ ಜೇಬಿಗೆ ಹಾಕಿಕೊಂಡು ಅಂದು ಅವರು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದರು.

ಈಗ ಭಾವನವರಿಗೆ ತಿಳಿಯದ, ನನಗೆ ಮಾತ್ರ ತಿಳಿದಿದ್ದ ಸಂಗತಿಯನ್ನು ಹೇಳಬೇಕು. ನನ್ನ ಸೋದರಸೊಸೆ ದಂತವೈದ್ಯರೊಬ್ಬರ ಬಳಿ ಕೆಲಸಕ್ಕಿದ್ದಾಳೆ. ಜನರ ಬಾಯಿಯ ಅಚ್ಚು ತೆಗೆದು ಹಲ್ಲಿನ ಸೆಟ್ಟು ತಯಾರಿಸುವುದು ಅವಳ ಕೆಲಸ. ಆ ವೈದ್ಯರು ರೋಗಿಗಳಿಗೆಲ್ಲ ಕಂಡಕಂಡದ್ದು ತಿನ್ನಬೇಡಿ ಎಂದು ಬುದ್ಧಿ ಹೇಳಿ, ಮಧ್ಯಾಹ್ನ ತಾವು ಪಿಜ್ಜಾ ತರಿಸಿಕೊಳ್ಳುತ್ತಾರೆ. ಅದನ್ನು ತರುತ್ತಿದ್ದವನು ಕೆಂಪು ಹೆಲ್ಮೆಟ್ಟಿನ ಒಬ್ಬ ಯುವಕ. ಪಿಜ್ಜಾ ವೈದ್ಯರಿಗೆ, ಮುಗುಳ್ನಗೆ ನಮ್ಮ ಹುಡುಗಿಗೆ. ಹೀಗೇ ಬಹಳ ಕಾಲ ನಡೆದು, ಕೊನೆಗೆ ಆದರೆ ಇವನನ್ನೇ ಆಗುವುದು ಎನ್ನುವಲ್ಲಿಗೆ ಬಂದು ನಿಂತಿತ್ತು. ಸರಿಯಾದ ಸಮಯ ನೋಡಿ ಅಪ್ಪನಿಗೆ ಹೇಳುವ ಕೆಲಸವನ್ನು ಅವಳು ಸೋದರಮಾವನಾದ ನನಗೆ ಒಪ್ಪಿಸಿದ್ದಳು. ನಾನು ಸರಿಯಾದ ಸಮಯಕ್ಕಾಗಿ ಕಾಯುತ್ತಿದ್ದೆ. ಅದು ಬರುವ ಲಕ್ಷಣ ಕಾಣಲಿಲ್ಲ, ನಾನೂ ಅದನ್ನು ಹುಡುಕಿಕೊಂಡು ಹೋಗಲಿಲ್ಲ.

ಇಂಥ ಸ್ಥಿತಿಯಲ್ಲಿ ಭಾವನವರು ಊಟಕ್ಕೆ ಕೂತು, ನಾಳೆ ಒಂದು ಪಿಜ್ಜಾ ತರಿಸು, ಅದನ್ನು ತರುವವನನ್ನು ನಾನು ನೋಡಬೇಕು ಎಂದು ಮಗಳಿಗೆ ಹೇಳಿದರು. ಅಕ್ಕ ಗಂಡನ ಹಣೆ ಮುಟ್ಟಿ ನೋಡಿದಳು. ಮಗಳ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಪಿಜ್ಜಾ ಎಂದರೆ ತಟ್ಟೆಗೆ ಹಾಕಲು ಮರೆತು ಡಬ್ಬಿಯಲ್ಲೇ ಬಿಟ್ಟ ಅಡುಗೆ ಎಂದು ಬೈಯುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ತರುವವನನ್ನು ನೋಡಬೇಕು ಎಂದರೆ ಅವಳಾದರೂ ಏನು ತಿಳಿಯಬೇಕು.

ಮರುದಿನ ಸಂಜೆ ಬಾಗಿಲ ಗಂಟೆಯ ಸದ್ದಾಯಿತು. ಹುಡುಗಿಗೆ ಗೊತ್ತಿದ್ದದ್ದು ಒಂದೇ ಅಂಗಡಿ; ಬಾಗಿಲಲ್ಲಿ ಅದೇ ಕೆಂಪು ಹೆಲ್ಮೆಟ್ಟು. ಭಾವನವರು ಡಬ್ಬಿ ಈಸಿಕೊಂಡು ಅಕ್ಕನ ಕೈಗೆ ಕೊಟ್ಟು, ಅವನಿಗೆ ಕುರ್ಚಿ ತೋರಿಸಿ ಕೂತುಕೊಳ್ಳಿ ಎಂದರು. ಪಿಜ್ಜಾ ತಂದವನನ್ನು ಯಾವ ಮನೆಯಲ್ಲಿ ತಾನೇ ಕೂರಿಸುತ್ತಾರೆ. ಅವನು ಒಳಗೆ ಇಣುಕಿದ. ಅಡುಗೆಮನೆಯ ಬಾಗಿಲಲ್ಲಿ ನಮ್ಮ ಹುಡುಗಿ ಬಿಳಿಚಿಕೊಂಡು ನಿಂತಿದ್ದಳು. ವಿಷಯ ಹೊರಬಿದ್ದಿದೆ ಎಂದು ಅವನು ಅಂದುಕೊಂಡ. ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟು, ನೆಟ್ಟಗೆ ಕೂತ.

ಒಂದು ಡೆಲಿವರಿಗೆ ಎಷ್ಟು ಸಿಗುತ್ತದೆ, ಪೆಟ್ರೋಲು ಯಾರದು ಎಂದು ಭಾವ ಕೇಳಿದರು. ಸಿಗುವುದನ್ನು ಹೇಳಿದ, ಪೆಟ್ರೋಲು ತನ್ನದೇ ಎಂದ. ಈ ಪಿಜ್ಜಾ ನೀವೇ ಕೊಂಡು ತಿನ್ನಬೇಕಾದರೆ ಎಷ್ಟು ಹೊತ್ತು ದುಡಿಯಬೇಕು ಎಂದಾಗ ಸ್ವಲ್ಪ ಯೋಚಿಸಿದ.

"ಬೆಳಿಗ್ಗೆ ಹೊರಟರೆ ಮಧ್ಯಾಹ್ನ ದಾಟುತ್ತೆ ಸಾರ್. ಅದಕ್ಕೇ ಇದುವರೆಗೂ ಕೊಂಡಿಲ್ಲ."

ಭಾವನವರ ಮುಖ ಅರಳಿತು. ಕ್ಷೌರದಂಗಡಿಯಲ್ಲಿ ಕಳೆದುಹೋದ ಪುಟ ಮನೆಬಾಗಿಲಿಗೇ ಬಂದಿತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಉಪಕಾರವಾಯಿತೆಂದು ಕಳಿಸಿಕೊಡುತ್ತಿದ್ದರು. ಆದರೆ ನಾಲಿಗೆ ಆಗಲೇ ಹಳಿ ಹಿಡಿದಿತ್ತು.

"ವಯಸ್ಸು?" ಎಂದರು. ಹೇಳಿದ. "ತಂದೆ ಇದ್ದಾರಾ?"

"ಇಲ್ಲ ಸಾರ್. ಕುಡಿದು ಹೋದರು."

"ನೀವು?"

"ಮುಟ್ಟಲ್ಲ ಸಾರ್."

"ಸಿಗರೇಟು?"

ಅವನು ಅಡುಗೆಮನೆಯ ಕಡೆ ನೋಡಿದ. ಬೆವರು ಒರೆಸಿಕೊಂಡ. "ದಿನಕ್ಕೊಂದು ಸೇದ್ತೀನಿ ಸಾರ್. ಬಿಡ್ತಾ ಇದ್ದೀನಿ."

ಒಳಗೆ ಸೌಟು ಬಿದ್ದ ಸದ್ದಾಯಿತು. ಬಿಟ್ಟು ಆರು ತಿಂಗಳಾಯಿತು ಎಂದು ಅವನು ಅವಳಿಗೆ ಹೇಳಿದ್ದನಂತೆ.

ನಿಮ್ಮನ್ನೇ ನಂಬಿಕೊಂಡವರು ಯಾರ್ಯಾರು ಎಂದು ಭಾವ ಮುಂದುವರಿಸಿದರು. ಅಮ್ಮ ಒಬ್ಬರೇ, ಬಸ್ ಕಂಡಕ್ಟರಾಗಿದ್ದು ನಿವೃತ್ತಿಯಾಗಿದ್ದಾರೆ, ಅವರಿಗೆ ಪಿಂಚಣಿ ಬರುತ್ತದೆ, ನಿಜ ಹೇಳಬೇಕೆಂದರೆ ನಾನೇ ಅವರನ್ನು ನಂಬಿಕೊಂಡಿದ್ದೇನೆ ಎಂದ. ಹಿಂದೆ ಎಲ್ಲಾದರೂ ಅರ್ಜಿ ಹಾಕಿ ಬೇಡವೆನ್ನಿಸಿಕೊಂಡದ್ದುಂಟೋ ಎಂದರು. ಅವನು ನಾಚಿ, ಇದೇ ಮೊದಲು ಸಾರ್ ಎಂದ. ಎದೆಯಲ್ಲಿ ಏನಾದರೂ ತೊಂದರೆ ಎಂದರು. ಈಗ ಸ್ವಲ್ಪ ಹೊಡೆದುಕೊಳ್ಳುತ್ತಿದೆ, ಮುಂಚೆ ಇರಲಿಲ್ಲ ಎಂದ. ಕೊನೆಗೆ ಭಾವನವರು ಕನ್ನಡಕ ತೆಗೆದು, ಕೌಂಟರಿನಲ್ಲಿ ಎಲ್ಲರಿಗೂ ಹೇಳುವುದನ್ನು ಇವನಿಗೂ ಹೇಳಿದರು.

"ಪರಿಶೀಲಿಸಿ ಒಂದು ವಾರದಲ್ಲಿ ತಿಳಿಸ್ತೀವಿ."

ಅವನು ಎದ್ದು ಭಾವನವರಿಗೆ ಕೈ ಮುಗಿದ, ಅಕ್ಕನಿಗೆ ಕೈ ಮುಗಿದ, ಗೊಂದಲದಲ್ಲಿ ನನಗೂ ಮುಗಿದು ಮೆಟ್ಟಿಲಿಳಿದು ಹೋದ. ಲಿಫ್ಟ್ ಇರುವುದು ಅವನಿಗೆ ನೆನಪಾಗಲಿಲ್ಲ. ಭಾವನವರು ಪಿಜ್ಜಾದ ಒಂದು ತುಂಡು ಬಾಯಿಗಿಟ್ಟು, ಪರವಾಗಿಲ್ಲ ಎಂದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಹುಡುಗಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅಪ್ಪನಿಗೆ ಎಲ್ಲಾ ಗೊತ್ತಾಗಿದೆ ಮಾವ, ಬೈಯಲಿಲ್ಲ, ಕೂಗಲಿಲ್ಲ, ಕುರ್ಚಿ ಕೊಟ್ಟು ಮಾತಾಡಿಸಿದರು ಎಂದು ಅಳುತ್ತಾ ನಗುತ್ತಾ ಹೇಳಿದಳು. ನನಗೂ ಹಾಗೇ ಅನ್ನಿಸಿತು. ಹೇಳಬೇಕಾದ ಮಾತು ನಾನು ಹೇಳದೆಯೇ ತಲುಪಿತಲ್ಲ ಎಂಬ ಸಮಾಧಾನ ಬೇರೆ. ಹೋಗಿ ನಿನ್ನ ಅಪ್ಪನ ಹತ್ತಿರ ಒಂದು ಮಾತು ನೇರವಾಗಿ ಕೇಳಿಬಿಡು ಎಂದು ಸಲಹೆ ಕೊಟ್ಟೆ. ಮದುವೆಯಾಗದವನ ಸಲಹೆ.

ಅಂದು ಸಂಜೆ ಅವಳು ಅಪ್ಪನಿಗೆ ತಾನೇ ಕಾಫಿ ಮಾಡಿಕೊಟ್ಟು, ಕಾಲ್ಬೆರಳಲ್ಲಿ ನೆಲ ಗೀರುತ್ತಾ, ನಿನ್ನೆ ಬಂದಿದ್ದವರು ನಿಮಗೆ ಒಪ್ಪಿಗೆಯಾದರಾ ಎಂದು ಕೇಳಿದಳು. ತಮ್ಮ ಅಧ್ಯಯನದಲ್ಲಿ ಮಗಳಿಗೆ ಇಷ್ಟು ಆಸಕ್ತಿಯೇ ಎಂದು ಭಾವ ಹಿಗ್ಗಿದರು.

"ಒಳ್ಳೆ ಮನುಷ್ಯ. ಆದರೆ ಒಬ್ಬನ್ನ ನೋಡಿ ತೀರ್ಮಾನ ಮಾಡೋಕಾಗಲ್ಲ ಮಗಳೇ. ಬೇರೆ ಬೇರೆ ಅಂಗಡಿಯಿಂದ ಇನ್ನೂ ನಾಲ್ಕು ಜನರನ್ನ ಕರೆಸಿ ನೋಡ್ತೀನಿ."

ಹುಡುಗಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದವಳು ಊಟಕ್ಕೂ ಹೊರಗೆ ಬರಲಿಲ್ಲ.

ಭಾವನವರು ಹೇಳಿದಂತೆ ಮಾಡಿದರು. ಮಗಳ ಸಹಾಯ ನಿಂತುಹೋದ್ದರಿಂದ ತಾವೇ ಫೋನಿನಲ್ಲಿ ಒತ್ತಬಾರದ್ದನ್ನೆಲ್ಲ ಒತ್ತಿ, ಒಮ್ಮೆ ಪಿಜ್ಜಾ ಇಲ್ಲದೆ ಬರೀ ಸಾಸ್ ತರಿಸಿ, ಅಂತೂ ದಿನಕ್ಕೊಬ್ಬನನ್ನು ಬಾಗಿಲಿಗೆ ಬರಮಾಡಿಕೊಂಡರು. ಪ್ರತಿಯೊಬ್ಬನಿಗೂ ಅದೇ ಕುರ್ಚಿ, ಅದೇ ಪ್ರಶ್ನೆಗಳು, ಕೊನೆಗೆ ಅದೇ ಒಂದು ವಾರ. ಒಬ್ಬ ಮಾತ್ರ, ನಾರ್ವೆ ಕಥೆ ಬಿಡಿ ಸಾರ್, ನಮ್ಮ ಎದುರಿನ ಅಂಗಡೀಲೇ ಪೆಟ್ರೋಲಿಗೆ ಕೊಡ್ತಾರೆ, ನಮ್ಮಲ್ಲಿ ಕೊಡಲ್ಲ, ಮೊದಲು ಅದನ್ನ ಹೋಲಿಸಿ ನೋಡಿ ಎಂದನಂತೆ. ಭಾವನವರು ಆ ಅಂಶವನ್ನು ಬಹಳ ಗಂಭೀರವಾಗಿ ಪರಿಗಣಿಸಿದರು.

ಪಿಜ್ಜಾ ಅಂಗಡಿಗಳ ಸವಾರರೆಲ್ಲ ಬಿಡುವಿನಲ್ಲಿ ಸಿಗ್ನಲ್ಲಿನ ಪಕ್ಕದ ಮರದ ಕೆಳಗೆ ಬೈಕು ನಿಲ್ಲಿಸಿ ಹರಟುತ್ತಾರೆ. ಅಲ್ಲಿ ಈ ನಾಲ್ವರೂ ಕೆಂಪು ಹೆಲ್ಮೆಟ್ಟಿನವನೂ ಒಂದೆಡೆ ಸೇರಿದಾಗ ಇನ್ನೇನಾಗುತ್ತದೆ. ಮೂರನೇ ಮಹಡಿಯ ಮನೆಯ ವಿಮೆ ಸಾಹೇಬರು ಡೆಲಿವರಿ ಮಾಡುವವರಲ್ಲೇ ಒಬ್ಬನನ್ನು ಅಳಿಯನನ್ನಾಗಿ ಆರಿಸುತ್ತಿದ್ದಾರೆ ಎಂಬ ಸುದ್ದಿ ಅಲ್ಲಿಂದ ಬೈಕಿನ ವೇಗದಲ್ಲಿ ಹರಡಿತು. ಕರೆಯದೇ ಇದ್ದವರೂ ಬರತೊಡಗಿದರು. ಒಬ್ಬ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸೆಂಟು ಹಾಕಿಕೊಂಡು, ದಾರಿ ತಪ್ಪಿ ಬಂದೆ ಎನ್ನುತ್ತಾ ಬಾಗಿಲು ತಟ್ಟಿದ. ಇನ್ನೊಬ್ಬ ಪಿಜ್ಜಾದ ಡಬ್ಬಿಯ ಮೇಲೆ ತನ್ನ ಪದವಿಯ ಸರ್ಟಿಫಿಕೇಟು ಇಟ್ಟು ತಂದ. ದಿನಸಿ ತರುವವನೊಬ್ಬ ತನ್ನ ಚಿಕ್ಕಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದು, ಪಿಜ್ಜಾ ತರುವವರನ್ನೇ ಕೇಳಿದರೆ ಹೇಗೆ, ನಮಗೂ ಅವಕಾಶ ಬೇಕು ಎಂದು ವಾದಿಸಿದ. ಭಾವನವರಿಗೆ ಆನಂದವೋ ಆನಂದ. ಅಧ್ಯಯನಕ್ಕೆ ಇಷ್ಟು ಸಹಕಾರ ಯಾವ ದೇಶದಲ್ಲಿ ಸಿಗುತ್ತದೆ ಎಂದರು.

ಅಕ್ಕನ ಮನೆಯಿರುವ ಕಟ್ಟಡದ ನಿವಾಸಿಗಳ ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದಾರೆ. ನೆಲಮಹಡಿಯಲ್ಲಿ ಮನೆ, ಹಿಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟರು. ಯಾರ ಮನೆಗೆ ಯಾರು ಬಂದರು ಎಂಬುದನ್ನು ಕಿಟಕಿಯಿಂದ ನೋಡಿ ಚಿಂತಿಸುವುದು ಅವರ ವ್ಯಾಯಾಮ. ಮೊದಲು ಅವರು ಅಕ್ಕನಿಗೆ ಹುಷಾರಿಲ್ಲವೇನೋ ಎಂದುಕೊಂಡು ಹಣ್ಣು ಕೊಟ್ಟು ಹೋದರು. ಆಮೇಲೆ ಗಂಡ ಹೆಂಡತಿ ಮಾತು ಬಿಟ್ಟಿರಬೇಕೆಂದು ಊಹಿಸಿ ಭಾವನವರನ್ನು ಪಕ್ಕಕ್ಕೆ ಕರೆದು ಸಹನೆಯ ಮಹತ್ವ ಹೇಳಿದರು. ಕೊನೆಗೆ ಲಿಫ್ಟಿನಲ್ಲಿ ಸೆಂಟಿನವನ ಬಾಯಿಂದ ಅಳಿಯನ ಸುದ್ದಿ ಕೇಳಿ ನೇರವಾಗಿ ನನ್ನ ಅಂಗಡಿಗೆ ಬಂದರು.

"ಟೆಂಡರ್ ಕರೆದು ಅಳಿಯನ್ನ ಹುಡುಕೋದು ನಾನು ಎಲ್ಲೂ ನೋಡಿರಲಿಲ್ಲ," ಎಂದರು.

ಆಗ ನನ್ನ ಮಂದಬುದ್ಧಿಗೆ ಬೆಳಕು ಹೊಳೆಯಿತು. ಭಾವನವರಿಗೆ ಏನೂ ಗೊತ್ತಿಲ್ಲ. ಅವರು ಪಿಜ್ಜಾದ ಲೆಕ್ಕ ನೋಡುತ್ತಿದ್ದಾರೆ, ಲೋಕವೆಲ್ಲ ಮದುವೆಯ ಲೆಕ್ಕ ನೋಡುತ್ತಿದೆ. ಹುಡುಗಿಯನ್ನು ಕರೆದು ಹೇಳಿದೆ. ಆ ಹೊತ್ತಿಗೆ ಇನ್ನೊಂದು ಘಟನೆ ನಡೆದುಹೋಗಿತ್ತು. ಒಂದು ವಾರ ಕಳೆದರೂ ಉತ್ತರ ಬರದೆ ಕೆಂಪು ಹೆಲ್ಮೆಟ್ಟಿನವನು ಧೈರ್ಯ ಮಾಡಿ ಭಾವನವರನ್ನು ಕಚೇರಿಯ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದನಂತೆ. ಭಾವನವರು ಅವನ ಬೆನ್ನು ತಟ್ಟಿ, ನಿಮ್ಮ ಕಡೆಯಿಂದ ಯಾರಾದರೂ ದೊಡ್ಡವರು ಬಂದು ಮಾತಾಡಿದರೆ ಒಳ್ಳೆಯದು, ಭಾನುವಾರ ಕರೆದುಕೊಂಡು ಬನ್ನಿ, ನಮ್ಮ ಮ್ಯಾನೇಜರೂ ಇರುತ್ತಾರೆ ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಪಿಜ್ಜಾ ತರುವ ಚಾಲಕರ ಪರವಾಗಿ ಮಾತಾಡಬಲ್ಲ ಒಬ್ಬ ಮುಖಂಡ. ಅವನು ಮನೆಗೆ ಹೋಗಿ ಅಮ್ಮನಿಗೆ ಹೇಳಿದ.

ಅತ್ತ ಮ್ಯಾನೇಜರು ಮಗನ ವಿಷಯ ಎತ್ತಲಿಕ್ಕೆಂದೇ ಬರುವವರು, ಇತ್ತ ಹುಡುಗನ ತಾಯಿ ಮಾತು ಮುಗಿಸಲಿಕ್ಕೆಂದೇ ಬರುವವರು, ನಡುವೆ ಪಿಜ್ಜಾ. ನಮ್ಮ ಹುಡುಗಿಯ ಬಾಳು ಆ ಭಾನುವಾರ ಎತ್ತ ವಾಲುತ್ತದೋ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಭಾನುವಾರದೊಳಗೆ ನಿನ್ನ ಅಪ್ಪನಿಗೆ ನಾನೇ ಹೇಳುತ್ತೇನೆ, ಅವನನ್ನು ಗಾಬರಿಪಡಿಸಬೇಡ ಎಂದು ಹುಡುಗಿಗೆ ಮಾತು ಕೊಟ್ಟೆ. ಶನಿವಾರ ಗಟ್ಟಿ ಮನಸ್ಸು ಮಾಡಿ ಭಾವನವರ ಮುಂದೆ ಕೂತು, ಒಂದು ಮಾತು ಎಂದೆ. ಅವರು ಮೊದಲು ನನ್ನ ಭಾಷಣ ಕೇಳು ಎಂದರು. ಡೆನ್ಮಾರ್ಕಿನಲ್ಲಿ ಕನಿಷ್ಠ ಕೂಲಿ ಎಷ್ಟೆಂದು ಕಾನೂನು ಹೇಳುವುದೇ ಇಲ್ಲವಂತೆ, ಮಾಲೀಕರ ಕಡೆಯವರೂ ದುಡಿಯುವವರ ಕಡೆಯವರೂ ಎದುರುಬದುರು ಕೂತು ಮಾತಾಡಿ ಗೊತ್ತು ಮಾಡಿಕೊಳ್ಳುತ್ತಾರಂತೆ ಎಂದು ಶುರು ಮಾಡಿದವರು ಜಪಾನು ಮುಟ್ಟುವಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು.

ಭಾನುವಾರ ಮ್ಯಾನೇಜರು ಮೊದಲು ಬಂದು ಸೋಫಾದ ನಡುಮಧ್ಯೆ ಕೂತರು. ಅಕ್ಕ ಕಾಫಿಗೆ ನೀರಿಟ್ಟಳು. ಹುಡುಗಿ ತನ್ನ ಕೋಣೆಯ ಬಾಗಿಲ ಹಿಂದೆ. ಅಷ್ಟರಲ್ಲಿ ಕೆಂಪು ಹೆಲ್ಮೆಟ್ಟಿನವನು, ಅಂದು ಹೆಲ್ಮೆಟ್ಟಿಲ್ಲದೆ ತಲೆ ಬಾಚಿಕೊಂಡು, ತಾಯಿಯ ಹಿಂದೆ ಅಡಗಿಕೊಂಡಂತೆ ಒಳಗೆ ಬಂದ. ತಾಯಿ ದೊಡ್ಡ ಆಸಾಮಿ. ನಿವೃತ್ತಿಯಾದರೂ ಬಸ್ಸಿನಿಂದ ಇಳಿದಿರಲಿಲ್ಲ. ಕೋಣೆಯನ್ನು ಒಂದು ಸಲ ಕಣ್ಣಳತೆ ಮಾಡಿ ಮ್ಯಾನೇಜರಿಗೆ, "ಸ್ವಲ್ಪ ಒಳಗೆ ಸರೀರಿ, ಜಾಗ ಇದೆ," ಎಂದಳು. ಮ್ಯಾನೇಜರು ಸರಿದರು. ಅವರಿಗೆ ಹಾಗೆ ಹೇಳುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ.

ಇವರು ಚಾಲಕರ ಕಡೆಯವರು ಎಂದು ಭಾವನವರು ಪರಿಚಯಿಸಿದರು. ನಿಮ್ಮ ಕಡೆಯ ಬೇಡಿಕೆಗಳೇನು ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ಬೇಡಿಕೆ ಏನೂ ಇಲ್ಲಪ್ಪ," ಎಂದಳು ಕಂಡಕ್ಟರಮ್ಮ. "ಚೆನ್ನಾಗಿ ಹೊಂದಿಕೊಂಡು ಹೋದರೆ ಸಾಕು. ಆದರೆ ನಮ್ಮವನನ್ನ ನೋಡಿದ ಮೇಲೂ ಇನ್ನೂ ಊರಿನವರನ್ನೆಲ್ಲ ಕರೆಸಿ ನೋಡಿದ್ದು ನನಗೆ ಸರಿ ಕಾಣಲಿಲ್ಲ."

ಹೋಲಿಕೆ ಮಾಡದೆ ಸತ್ಯ ತಿಳಿಯುವುದಿಲ್ಲ ಎಂದು ಭಾವ ವಿನಯದಿಂದ ವಿವರಿಸಿ, ಡೆನ್ಮಾರ್ಕಿನಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ಮಾತಾಡುವುದನ್ನು ಹೇಳಿದರು. ಎಲ್ಲಾ ಕಡೆ ಮಾಡುವುದೂ ಹಾಗೇ ತಾನೆ ಎಂದಳು ಆಕೆ. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಭಾವನವರು ಕೆಮ್ಮು ಎಷ್ಟು ದಿನದಿಂದ ಇದೆ ಎಂದು ಕೇಳಿ, ಎದ್ದು ನಿಂತು ಭಾಷಣ ಶುರು ಮಾಡಿದರು.

ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳಬೇಕು. ಭಾಷಣ ಚೆನ್ನಾಗಿತ್ತು. ನಾರ್ವೆ, ಅಮೆರಿಕ, ಜಪಾನು ಸುತ್ತಿಕೊಂಡು ನಮ್ಮ ಬೀದಿಗೆ ಬಂದು ನಿಂತಾಗ ಅವರ ದನಿ ಬದಲಾಯಿತು. ಬಾಗಿಲಿಗೆ ಬಂದವರನ್ನೆಲ್ಲ ಕೂರಿಸಿ ಮಾತಾಡಿಸಿದ್ದರಲ್ಲ, ಅವರ ಮುಖಗಳು ಮನಸ್ಸಿಗೆ ಬಂದವೋ ಏನೋ.

"ಅರ್ಧ ದಿನ ಬಿಸಿಲಲ್ಲಿ ದುಡಿದರೆ ತಾನು ಹೊತ್ತು ತಂದದ್ದನ್ನ ತಾನು ತಿನ್ನಬಹುದು, ಅಷ್ಟು ಕೊಡ್ತೀವಿ ನಾವು," ಎಂದರು. "ಬಾಗಿಲಿಂದ ಆಚೆಗೇ ಈಸ್ಕೊಂಡು ಕಳಿಸಿಬಿಡ್ತೀವಿ. ಅವನೂ ನಮ್ಮ ಮನೇವನು ಅಂದ್ಕೊಂಡರೆ ಈ ಲೆಕ್ಕ ಎಲ್ಲಾ ದೇಶದಲ್ಲೂ ಸರಿಯಾಗುತ್ತೆ."

ಮ್ಯಾನೇಜರು ಚಪ್ಪಾಳೆ ತಟ್ಟಿದರು. ಕಂಡಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಇಷ್ಟು ಹೇಳಿದ ಮೇಲೆ ಇನ್ನೇನು ಮಾತು. ಹುಡುಗೀನ ಕರೀರಿ."

ಯಾವ ಹುಡುಗಿ ಎಂದರು ಭಾವ. ನಿಮ್ಮ ಮಗಳು ಎಂದಳು ಆಕೆ. ಯಾಕೆ ಎಂದರು ಭಾವ. ಆಕೆ ಮಗನ ಮುಖ ನೋಡಿದಳು, ಮಗ ನನ್ನ ಮುಖ ನೋಡಿದ. ನಾನು ನೋಡಲು ಗೋಡೆಯ ಹೊರತು ಏನೂ ಉಳಿದಿರಲಿಲ್ಲ. ಆಗ ಬೇರೆ ದಾರಿ ಕಾಣದೆ, ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅಕ್ಕ ಕಾಫಿಯ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು. ಕಾಫಿ ಆರತೊಡಗಿತು.

ಭಾವನವರು ನಿಧಾನವಾಗಿ ಕೂತರು. ಮ್ಯಾನೇಜರು ಲೋಕ ಬಲ್ಲವರು. ಮೆಲ್ಲಗೆ ಮುಂದೆ ಬಾಗಿದರು.

"ಭಾಷಣ ಬೇರೆ, ಮಗಳು ಬೇರೆ. ಅದು ಎಲ್ಲರಿಗೂ ಅರ್ಥ ಆಗುತ್ತೆ ಬಿಡಿ. ನಾನೂ ನನ್ನ ಮಗನ ವಿಷಯ ಮಾತಾಡೋಣ ಅಂತಲೇ ಬಂದಿದ್ದೆ."

ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೇ. ಕೆಂಪು ಹೆಲ್ಮೆಟ್ಟಿನವನು ತಲೆ ತಗ್ಗಿಸಿ, ಹೋಗೋಣಮ್ಮ ಎಂದ. ನಿಲ್ಲೋ, ಇನ್ನೂ ಯಾರೂ ಸೀಟಿ ಊದಿಲ್ಲ ಎಂದಳು ತಾಯಿ. ಕೋಣೆಯ ಬಾಗಿಲು ತೆರೆದು ಹುಡುಗಿ ಹೊರಗೆ ಬಂದಿದ್ದಳು. ಅಳುತ್ತಿರಲಿಲ್ಲ. ಅಪ್ಪನ ಎದುರು ಬಂದು ನಿಂತಳು.

ಭಾವನವರು ಮಗಳನ್ನು ನೋಡಿದರು. ಬೀದಿಯಲ್ಲಿ ಹೋಗುವವರ ಶ್ವಾಸಕೋಶದ ಸ್ಥಿತಿಯನ್ನೂ ವಿಚಾರಿಸುವ ಮನುಷ್ಯ, ಮನೆಯಲ್ಲೇ ಬೆಳೆದ ಮಗಳನ್ನು ಒಂದು ದಿನವೂ ಏನೂ ಕೇಳಿರಲಿಲ್ಲ. ಅದು ಅವರಿಗೆ ಆಗ ಹೊಳೆಯಿತೆಂದು ನನಗೆ ಅನ್ನಿಸಿತು, ಯಾಕೆಂದರೆ ಅವರ ಮುಖ ಸಣ್ಣದಾಗಿಹೋಯಿತು. ಅರ್ಜಿಯ ಯಾವ ಪ್ರಶ್ನೆಯೂ ಅಲ್ಲಿ ಒದಗಲಿಲ್ಲ. ಬಹಳ ತಡವರಿಸಿದರು.

"ನಿನಗೆ ಇವನು ಇಷ್ಟಾನಾ?"

"ಹೂಂ ಅಪ್ಪ."

ಮುಂದಿನ ಪ್ರಶ್ನೆಗಾಗಿ ನಾವೆಲ್ಲ ಕಾದೆವು. ಅವರಲ್ಲಿ ಇನ್ನೊಂದು ಪ್ರಶ್ನೆ ಇರಲಿಲ್ಲ. ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಮ್ಯಾನೇಜರ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು.

"ಕ್ಷಮಿಸಬೇಕು ಸಾರ್. ಸಭೆಯಲ್ಲಿ ಚಾಲಕರ ಸಂಬಳದ ವಿಷಯ ಮಾತಾಡೋಕೆ ಬೇರೆ ಯಾರನ್ನಾದರೂ ನೋಡ್ಕೊಳ್ಳಿ. ಸಂಬಂಧಿಕರ ಫೈಲು ನಾವು ಮುಟ್ಟಬಾರದು ಅಂತ ನಮ್ಮ ಆಫೀಸಿನ ನಿಯಮ ಇದೆಯಲ್ಲ."

ಮ್ಯಾನೇಜರು, ಹೌದು ಇದೆ, ನಾನೇ ಸಹಿ ಮಾಡಿದ್ದು ಎಂದು ಹೇಳಿ ಅಕ್ಕನ ಕೈಯಲ್ಲಿದ್ದ ತಟ್ಟೆಯಿಂದ ಆರಿದ ಕಾಫಿ ತಾವೇ ಎತ್ತಿಕೊಂಡರು. ಹುಡುಗಿ ಅಪ್ಪನ ತೋಳು ಹಿಡಿದುಕೊಂಡು ಈಗ ಅಳತೊಡಗಿದಳು. ಕೆಂಪು ಹೆಲ್ಮೆಟ್ಟಿನವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿಯೇ ನಿಂತಿದ್ದ.

ಕಂಡಕ್ಟರಮ್ಮನಿಗೆ ಮಾತ್ರ ಏನೂ ಅರ್ಥವಾಗಿರಲಿಲ್ಲ. ನನ್ನ ತೋಳು ತಿವಿದು, "ಯಾವ ಫೈಲು? ಏನಂದ್ರು ಅವರು? ಒಪ್ಪಿದ್ರೋ ಇಲ್ವೋ?" ಎಂದಳು.

"ನೀವಿನ್ನು ಬೀಗರು ಅಂದ್ರು ಅಮ್ಮ," ಎಂದೆ.

"ಅದನ್ನ ಹಾಗಂತ ಬಾಯಿಬಿಟ್ಟು ಹೇಳೋಕೇನು," ಎಂದು ಆಕೆ ಮ್ಯಾನೇಜರನ್ನು ಇನ್ನೂ ಸ್ವಲ್ಪ ಆಚೆ ಸರಿಸಿ, ಬಾಗಿಲ ಬಳಿ ನಿಂತಿದ್ದ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.